ಪಾಳು ಬೀಳದ ಸುರಂಗ

ಆದಿಲ್‌ಶಾಹಿ ವಂಶದ ಸ್ಥಾಪಕ ಯೂಸುಫ್ ಆದಿಲ್ ಶಾಹ ಮಣ್ಣಾದದ್ದು ನಮ್ಮ ಗೋಗಿಯಲ್ಲಿ. ಅವನ ಮಗ ಇಸ್ಮಾಯಿಲನ ಸಮಾಧಿಯೂ ಇಲ್ಲಿಯೇ ಇದೆ. ಅದೇ ವಂಶದ ಎರಡನೇ ಅಲಿ ಆದಿಲ್ ಶಾಹ ವಿಜಯಪುರದಲ್ಲಿ ತನಗಾಗಿ ಎತ್ತಿಸಿದ ಬಾರಾ ಕಮಾನ್ ಮಾತ್ರ ಪೂರ್ಣಗೊಳ್ಳಲೇ ಇಲ್ಲ. 1672ರಲ್ಲಿ ಅವನು ತೀರಿಕೊಂಡ. ಈ ಸೀಮೆಯಲ್ಲಿ ಬೆಳೆದ ನನಗೆ ಅರ್ಧಕ್ಕೆ ನಿಂತ ಕೆಲಸವೆಂದರೆ ಚಾವಣಿಯಿಲ್ಲದ ಆ ಕಮಾನುಗಳೇ ನೆನಪಾಗುತ್ತವೆ. ಅಲ್ಲಿ ಮುಟ್ಟಿ ನೋಡಲು ಕಲ್ಲಾದರೂ ಇದೆ.

ಅಮೆರಿಕದ ಸಿನ್ಸಿನಾಟಿ ನಗರದ ನೆಲದಡಿಯಲ್ಲಿಯೂ ಇಂಥದೊಂದು ಬಾರಾ ಕಮಾನ್ ಇದೆ. ಅಲ್ಲಿನ ಮತದಾರರು 1916ರಲ್ಲಿ ಸುರಂಗ ರೈಲಿಗಾಗಿ 60 ಲಕ್ಷ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಮಹಾಯುದ್ಧ ಅಡ್ಡಬಂತು, ಅದು ಮುಗಿಯುವ ಹೊತ್ತಿಗೆ ಸಾಮಗ್ರಿಗಳ ಬೆಲೆ ಏರಿತ್ತು. 1920ರಲ್ಲಿ ಹಳೆಯ ಕಾಲುವೆಯ ಪಾತ್ರದಲ್ಲಿ ಕೆಲಸ ಆರಂಭವಾಯಿತು. 1927ರ ವೇಳೆಗೆ ಹಣ ತೀರಿತು. ಮೂರೂವರೆ ಕಿಲೋಮೀಟರಿನಷ್ಟು ಸುರಂಗ, ನಿಲ್ದಾಣಗಳು, ಮೇಲೊಂದು ಅಗಲವಾದ ರಸ್ತೆ, ಎಲ್ಲವೂ ಆದವು. ಪ್ರಯಾಣಿಕರ ರೈಲು ಒಂದೂ ಓಡಲಿಲ್ಲ. ಸಾಲ ತೀರಿದ್ದು 1966ರಲ್ಲಿ!

ನಗೆಪಾಟಲಿನ ಕಥೆ, ನಿಜ. ಆದರೆ ಸಿನ್ಸಿನಾಟಿಯವರಿಗೆ ತಮ್ಮ ಸೋಲು ಎಲ್ಲಿದೆಯೆಂಬುದು ಗೊತ್ತು. ನಮ್ಮ ರಾಜಧಾನಿಯ ಕಥೆ ಹಾಗಲ್ಲ. ದಕ್ಷಿಣ ರೈಲ್ವೆಯ ತಜ್ಞರು 1983ರಲ್ಲಿಯೇ ಬೆಂಗಳೂರಿಗೆ ಮೆಟ್ರೊ ಬೇಕೆಂದು ವರದಿ ಕೊಟ್ಟಿದ್ದರು. ರಾಜಾಜಿನಗರದಿಂದ ಜಯನಗರಕ್ಕೆ ಒಂದು ಮಾರ್ಗ, ಹಡ್ಸನ್ ವೃತ್ತದಿಂದ ಕೃಷ್ಣರಾಜಪುರಕ್ಕೆ ಇನ್ನೊಂದು. ಜತೆಗೆ ಉಪನಗರ ರೈಲು. ವರದಿ ಕಪಾಟು ಸೇರಿತು. 1994ರಲ್ಲಿ ರಾಜ್ಯ ಸರ್ಕಾರ ಇದಕ್ಕೆಂದೇ ಕಂಪನಿಯೊಂದನ್ನು ಸ್ಥಾಪಿಸಿತು. ಕಂಬಗಳ ಮೇಲೆ ಲಘು ರೈಲು, ಖಾಸಗಿಯವರ ಪಾಲುದಾರಿಕೆ ಎಂಬ ಮಾತುಗಳು ಕೇಳಿಬಂದವು. ಒಂದು ಕಂಬವೂ ಏಳಲಿಲ್ಲ. ಮೊದಲ ಮೆಟ್ರೊ ಓಡಿದ್ದು 2011ರ ಅಕ್ಟೋಬರ್ 20ರಂದು, ನೆಲದಡಿಯ ರೈಲು 2016ರಲ್ಲಿ. ಉಪನಗರ ರೈಲಿಗೆ ಶಂಕುಸ್ಥಾಪನೆ ನಡೆದದ್ದು 2022ರಲ್ಲಿ.

1981ರ ಜನಗಣತಿಯಂತೆ ಬೆಂಗಳೂರಿನ ಜನಸಂಖ್ಯೆ ಸುಮಾರು 29 ಲಕ್ಷ; 2011ರ ವೇಳೆಗೆ ಅದು 85 ಲಕ್ಷದ ಆಸುಪಾಸಿಗೆ ಬಂದಿತ್ತು. ಈ ಮೂವತ್ತು ವರ್ಷಗಳಲ್ಲಿ ರಸ್ತೆಗಳು ತುಂಬಿದವು, ಭೂಮಿಯ ಬೆಲೆ ಗಗನಕ್ಕೇರಿತು. ಖಾಲಿ ನೆಲದಲ್ಲಿ ಅಗೆಯಬಹುದಾಗಿದ್ದುದನ್ನು ಮನೆ, ಅಂಗಡಿಗಳನ್ನು ಕೆಡವಿ ಅಗೆಯಬೇಕಾಯಿತು. ಈ ವಿಳಂಬದ ವೆಚ್ಚವನ್ನು ಯಾವ ಸಾಲಪತ್ರದಲ್ಲಿಯೂ ಬರೆದಿಲ್ಲ. ಕಾಗದದ ಸುರಂಗ ಪಾಳು ಬೀಳುವುದಿಲ್ಲ. ಹಾಗಾಗಿ ಅದನ್ನು ಕೈಬಿಟ್ಟವರನ್ನು ಕೇಳುವವರೂ ಇಲ್ಲ.

ಈ ಮಾತು ಗೋಗಿಯವನಿಗೇಕೆ ಎನ್ನಬಹುದು. ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಿಂದ ಪ್ರತಿವರ್ಷ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಆ ನಗರವನ್ನು ಕಟ್ಟುತ್ತಿರುವ ಕೈಗಳಲ್ಲಿ ಇವರವೂ ಸೇರಿವೆ. ಸಾರಿಗೆ ತಡವಾದಷ್ಟೂ ದಿನಗೂಲಿಯವರ ಹೊತ್ತು ಬೀದಿಯಲ್ಲೇ ಕಳೆಯುತ್ತದೆ. 1983 ಮತ್ತು 1994ರ ಕಡತಗಳನ್ನು ಸರ್ಕಾರ ರಾಜ್ಯ ಪತ್ರಾಗಾರದಲ್ಲಿ ಓದುಗರಿಗೆ ತೆರೆದಿಡಲಿ. ಯಾರು, ಯಾವ ದಿನ, ಯಾವ ಷರಾ ಬರೆದು ಅವುಗಳನ್ನು ಬದಿಗಿಟ್ಟರೆಂದು ಗುಳೆ ಹೋದವರ ಮಕ್ಕಳೂ ಓದಲಿ.