ಕಬಡ್ಡಿಯ ಸರಪಳಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಮಳೆಗಾಲ ಕಳೆದ ಮೇಲೆ, ರಾತ್ರಿ ದೀಪಗಳ ಬೆಳಕಿನಲ್ಲಿ ನಡೆಯುವ ಕಬಡ್ಡಿ ಪಂದ್ಯಗಳನ್ನು ವಾಚಕರಲ್ಲಿ ಹಲವರು ನೋಡಿರಬಹುದು. ದಾಳಿಗಾರನ ಚಾತುರ್ಯಕ್ಕೆ ನಾವು ಚಪ್ಪಾಳೆ ತಟ್ಟುತ್ತೇವೆ. ಎದುರಿಗೆ ಕೈಕೈ ಹಿಡಿದು ನಿಂತವರನ್ನು ಅಷ್ಟಾಗಿ ಗಮನಿಸುವುದಿಲ್ಲ. ಅವರು ಹಾಗೆ ಕೈ ಹಿಡಿಯುವುದೇಕೆ?

ಒಂದು ಲೆಕ್ಕ ಮಾಡೋಣ. 75 ಕಿಲೋಗ್ರಾಂ ತೂಕದ ದಾಳಿಗಾರನು ಸೆಕೆಂಡಿಗೆ 4 ಮೀಟರ್ ವೇಗದಿಂದ ಮಧ್ಯರೇಖೆಯತ್ತ ಮರಳುತ್ತಿರುವನೆನ್ನೋಣ. ಅವನ ಚಲನಶಕ್ತಿ 600 ಜೂಲ್. ಅವನನ್ನು ಹಿಡಿದವನ ತೋಳು ಎಷ್ಟೇ ಗಟ್ಟಿಯಾಗಿರಲಿ, ತಡೆಯುವ ಬಲವು ಕೊನೆಗೆ ಪಾದಕ್ಕೂ ನೆಲಕ್ಕೂ ನಡುವಣ ಘರ್ಷಣೆಯಿಂದಲೇ ಒದಗಬೇಕು. ರಕ್ಷಕನ ತೂಕ 60 ಕಿಲೋಗ್ರಾಂ, ಘರ್ಷಣಾಂಕ 0.6 ಆದರೆ ಆ ಬಲವು ಸುಮಾರು 350 ನ್ಯೂಟನ್. ದಾಳಿಗಾರನು ಮತ್ತೆ ನೆಲವನ್ನು ಒದೆಯದಿದ್ದರೂ, ನಿಲ್ಲುವ ಮುನ್ನ 1.7 ಮೀಟರ್ ಸಾಗಿರುತ್ತಾನೆ. ಇಬ್ಬರು ಸೇರಿ ತಡೆದರೆ ಈ ದೂರ ಅರ್ಧವಾಗುತ್ತದೆ. ಪುರುಷರ ಅಂಕಣದ ಒಂದು ಪಾರ್ಶ್ವದ ಉದ್ದ ಕೇವಲ 6.5 ಮೀಟರ್, ಅಲ್ಲಿ ಮುಕ್ಕಾಲು ಮೀಟರಿಗೂ ಹೆಚ್ಚು ಎಂದರೆ ಸಣ್ಣ ಮಾತಲ್ಲ.

ಹಾಗಾದರೆ ಎಲ್ಲರೂ ಕೂಡಿ ಒಮ್ಮೆಲೇ ಹಿಡಿಯಬಾರದೇಕೆ? ಹಿಡಿತದ ನಡುವೆ ದಾಳಿಗಾರನ ಬೆರಳು ಮಧ್ಯರೇಖೆಗೆ ತಾಗಿತೋ, ಅವನನ್ನು ಮುಟ್ಟಿದವರೆಲ್ಲರೂ ಹೊರಗೆ! ಸರಪಳಿ ಉದ್ದವಾದಷ್ಟೂ ಬಲವೂ ಹೆಚ್ಚು, ಅಪಾಯವೂ ಹೆಚ್ಚು.

ಆದುದರಿಂದ ಸರಪಳಿಯನ್ನು ಇರುವ ಆಟಗಾರರಿಗೆ ತಕ್ಕಂತೆ ಹೆಣೆಯಬೇಕಾಗುತ್ತದೆ. ಭಾರವಾದ, ಗಟ್ಟಿ ಭುಜದವರು ಮುಂದೆ ಬಂದು ಎದೆ, ಸೊಂಟಗಳಿಗೆ ಅಡ್ಡ ನಿಲ್ಲಬಲ್ಲರು. ಹಗುರ ದೇಹದ ಚುರುಕಿನವನಿಗೆ ಮೂಲೆಯೇ ಲೇಸು. ಅವನು ಕಣಕಾಲನ್ನು ಹಿಡಿಯುತ್ತಾನೆ. ಕಣಕಾಲು ದೇಹದ ಗುರುತ್ವಕೇಂದ್ರದಿಂದ ಬಹುದೂರ. ಪಾದ ಸಿಕ್ಕಿಬಿದ್ದು ಮೈ ಮುಂದಕ್ಕೆ ಚಲಿಸಿದಾಗ ದಾಳಿಗಾರನ ವೇಗವೇ ಅವನನ್ನು ಕೆಡಹುತ್ತದೆ. ಕೈ ಕೂಡಿಸಿ ನಿಂತ ಜೊತೆಗಾರನು ಆ ಕ್ಷಣದಲ್ಲಿ ಮೇಲೆರಗಿ ಅವನು ಮತ್ತೆ ಏಳದಂತೆ ನೋಡಿಕೊಳ್ಳುತ್ತಾನೆ.

ಏಳು ಮಂದಿಯಲ್ಲಿ ಒಬ್ಬನು ಹೊರಹೋದರೆ ಜೋಡಿಯೊಂದು ಮುರಿಯುತ್ತದೆ. ಉಳಿದವರು ಸ್ಥಾನ ಬದಲಿಸಿ ಹೊಸ ಜೋಡಿ ಕಟ್ಟುತ್ತಾರೆ. ಮೂವರೇ ಉಳಿದಾಗ 10 ಮೀಟರ್ ಅಗಲದ ಅಂಕಣವನ್ನು ಸರಪಳಿಯಿಂದ ಕಾಯುವುದು ಕಷ್ಟ; ಅವರು ಹಿಂದೆ ಸರಿದು, ದಾಳಿಗಾರನು ಒಳಗೆ ಬರಲೆಂದು ಕಾಯುತ್ತಾರೆ. ಆಗ ಹಿಡಿದರೆ ಒಂದರ ಬದಲು ಎರಡು ಅಂಕಗಳು ದೊರೆಯುವುದರಿಂದ ಈ ಸಾಹಸಕ್ಕೆ ಬೆಲೆಯೂ ಉಂಟು.

ಮುಂದಿನ ಪಂದ್ಯದಲ್ಲಿ ದಾಳಿಗಾರನನ್ನು ಬಿಟ್ಟು, ಎದುರಿಗಿನ ಕೈಗಳನ್ನು ಗಮನಿಸಿರಿ. ಯಾರು ಯಾರ ಕೈ ಹಿಡಿದಿದ್ದಾರೆ, ಒಬ್ಬನು ಹೋದೊಡನೆ ಯಾರು ಎಲ್ಲಿಗೆ ಸರಿದರು ಎಂಬುದನ್ನು ನೋಡಿದರೆ ಹಿಡಿತವು ಬರಿಯ ತೋಳ್ಬಲದ ಮಾತಲ್ಲವೆಂದು ತಿಳಿಯುತ್ತದೆ.