ಲೋಕಲ್ ಪಾಸಿನಲ್ಲೇ ದೇಶ ನೋಡಿ

ನಾಡಿನ ಬಗೆಬಗೆಯ ಜನರ ಆಚಾರ ನೋಡಲು ದೂರದ ಪ್ರವಾಸವೇ ಬೇಕಿಲ್ಲ. ಕಲ್ಯಾಣ್‌ನಿಂದ ವಾಶಿವರೆಗಿನ ನಿಮ್ಮ ಲೋಕಲ್ ಪಾಸ್ ಸಾಕು.

ಥಾಣೆಯಲ್ಲಿ 1879ರ ಯಹೂದಿ ಪ್ರಾರ್ಥನಾ ಮಂದಿರವಿದೆ. ಮರಾಠಿ ಮನೆಮಾತಿನ ಬೆನೆ ಇಸ್ರೇಲಿಗಳು ಹರಕೆಗೆ ಮಾಡುವ 'ಮಲೀದಾ' ಎಂದರೆ ತೆಂಗಿನತುರಿ ಹಾಕಿದ ಸಿಹಿ ಅವಲಕ್ಕಿ! ಅಲ್ಲೇ ಸ್ಟೇಶನ್ ಬಳಿಯ ಚೆಂದಣಿ ಕೋಲಿವಾಡದಲ್ಲಿ ನಾರಳಿ ಪೂರ್ಣಿಮೆಗೆ ಕೋಲಿ ಬೆಸ್ತರು ಖಾಡಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಅದೇ ನಮ್ಮ ನೂಲಹುಣ್ಣಿಮೆ. ಕರಾವಳಿಯ ಮೊಗವೀರರಿಗೂ ಸಮುದ್ರಪೂಜೆಯ ಕಾಲ. ಯುಗಾದಿಯಂದೇ ಗುಡಿಪಾಡ್ವ, 1999ರಲ್ಲಿ ಡೊಂಬಿವಲಿಯಲ್ಲಿ ಆರಂಭವಾದ ಆ ದಿನದ ಮೆರವಣಿಗೆ ಈಗ ಹಲವು ಊರುಗಳಿಗೆ ಹಬ್ಬಿದೆ.

ನವಿಮುಂಬಯಿ ಎದ್ದದ್ದೇ ಆಗ್ರಿ, ಕೋಲಿ ಜನರ ಹಳ್ಳಿಗಳ ನೆಲದಲ್ಲಿ. ಖಾಡಿ ಮಲಿನವಾಗಿ ಮೀನು ಕಡಿಮೆಯಾದರೂ ಪೂಜೆ ನಿಂತಿಲ್ಲ. ಹೋಗಿ ನೋಡಿ. ಫೋಟೋಗೆ ಮೊದಲು ಹಿರಿಯರ ಅನುಮತಿ ಕೇಳಿ. "ನಮ್ಮಲ್ಲೂ ಹೀಗೇ" ಎನ್ನಿ; ಮಾತು ತಾನಾಗಿ ಬೆಳೆಯುತ್ತದೆ.