ಮಹಾಧಿವೇಶನವೂ ಒಕ್ಕಲಿಗನ ಕಣವೂ

ಆಳುವ ಪಕ್ಷವೊಂದರ ಮಹಾಧಿವೇಶನವೆಂದರೆ ಜಯಘೋಷ, ಠರಾವು, ಮೊದಲೇ ನಿಶ್ಚಯಿಸಿದ ಹೆಸರುಗಳ ವಾಚನ, ಇಷ್ಟೇ ಎಂದು ತಿಳಿಯುವವರು ಬಹಳ. ಪ್ರತಿಪಕ್ಷವೇ ಇಲ್ಲದ ಕಮ್ಯುನಿಸ್ಟ್ ರಾಷ್ಟ್ರಗಳ ವಿಷಯದಲ್ಲಂತೂ ಈ ತಿಳಿವಳಿಕೆಯು ಬಹುಮಟ್ಟಿಗೆ ಸರಿಯಾದುದೇ. ಆದರೆ 1986ನೆಯ ಇಸವಿಯ ಡಿಸೆಂಬರ ತಿಂಗಳಿನಲ್ಲಿ ಹನೋಯಿಯಲ್ಲಿ ನೆರೆದ ವಿಯೆಟ್ನಾಂ ಕಮ್ಯುನಿಸ್ಟ್ ಪಕ್ಷದ ಆರನೆಯ ಮಹಾಧಿವೇಶನವು ಇದಕ್ಕೆ ಅಪವಾದವಾಗಿ ನಿಂತಿದೆ. ಅಲ್ಲಿ ಮುಂದಾಳುಗಳೂ ಬದಲಾದರು, ಅರ್ಥನೀತಿಯೂ ಬದಲಾಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನಮ್ಮ ವಾಚಕರು ಈ ದೂರದ ಸಂಗತಿಯತ್ತ ಲಕ್ಷ್ಯಗೊಡಬೇಕೆಂದು ನಾವು ಬಯಸುತ್ತೇವೆ. ಏಕೆಂದರೆ ಅಲ್ಲಿ ಎದ್ದ ಪ್ರಶ್ನೆಯು ಈ ಸೀಮೆಗೆ ಹೊಸದಲ್ಲ.

1975ರಲ್ಲಿ ಯುದ್ಧವನ್ನು ಗೆದ್ದ ಪಕ್ಷವು ಶಾಂತಿಕಾಲದಲ್ಲಿ ಜನರ ಹೊಟ್ಟೆ ತುಂಬಿಸಲಾರದೆ ಹೋಯಿತು. ಹೊಲಗದ್ದೆಗಳು ಸಾಮುದಾಯಿಕ ಸಂಘಗಳ ಕೈಯಲ್ಲಿದ್ದವು. ರೈತನು ದುಡಿದ ದಿನಗಳ ಲೆಕ್ಕಕ್ಕೆ ತಕ್ಕಂತೆ ಕಾಳು ಪಡೆಯುತ್ತಿದ್ದನು. ಬೆವರು ಸುರಿಸಿದವನಿಗೂ ಬದುವಿನ ಮೇಲೆ ಕುಳಿತವನಿಗೂ ಹೆಚ್ಚಿನ ಭೇದವುಳಿಯಲಿಲ್ಲ. 1985ರಲ್ಲಿ ನಾಣ್ಯವನ್ನೂ ಬೆಲೆಗಳನ್ನೂ ಒಮ್ಮೆಲೇ ಬದಲಿಸಹೋದುದರ ಫಲವಾಗಿ, ಮರುವರ್ಷ ಬೆಲೆಗಳು ಶೇಕಡಾ 700ಕ್ಕೂ ಮೀರಿ ಏರಿದವು.

ಇದಕ್ಕೆ ಮದ್ದು ತಿಳಿಯದೆ ಇದ್ದಿತೆಂದಲ್ಲ. ವಿನ್ ಫುಕ್ ಪ್ರಾಂತದ ಪಕ್ಷಕಾರ್ಯದರ್ಶಿ ಕಿಮ್ ನ್ಗೋಕ್ ಎಂಬವರು 1966ರಷ್ಟು ಹಿಂದೆಯೇ ಹೊಲಗಳನ್ನು ಕುಟುಂಬಗಳಿಗೆ ಕರಾರಿನ ಮೇಲೆ ಒಪ್ಪಿಸಿ ನೋಡಿದ್ದರು. ಪಕ್ಷದ ಹಿರಿಯ ತಾತ್ವಿಕರಾದ ತ್ರುವಾಂಗ್ ಚಿನ್ ಅವರು 1968ರಲ್ಲಿ ಅದನ್ನು ಖಂಡಿಸಿ ನಿಲ್ಲಿಸಿದರು. 1979ರಲ್ಲಿ ಕಿಮ್ ನ್ಗೋಕ್ ತೀರಿಕೊಂಡರು. 1986ರ ಜುಲೈಯಲ್ಲಿ ಪ್ರಧಾನ ಕಾರ್ಯದರ್ಶಿ ಲೆ ದುವಾನ್ ಮರಣಹೊಂದಲು, ಆ ಸ್ಥಾನವು ಇದೇ ತ್ರುವಾಂಗ್ ಚಿನ್ ಅವರಿಗೆ ಬಂದಿತು. ಎಂಬತ್ತರ ಗಡಿಯ ಈ ಮುದುಕರು ಸಿದ್ಧವಾಗಿದ್ದ ವರದಿಯನ್ನು ತಿದ್ದಿ ಬರೆಯಿಸಿದರು. ತಾವೇ ಕಟ್ಟಿದ ನೀತಿಯ ದೋಷಗಳನ್ನು ಅಧಿವೇಶನದ ಮುಂದಿಟ್ಟರು. ಬಳಿಕ ಫಾಮ್ ವಾನ್ ಡಾಂಗ್, ಲೆ ಡುಕ್ ಥೋ ಅವರೊಡನೆ ಅಧಿಕಾರದ ಪೀಠವನ್ನು ಬಿಟ್ಟಿಳಿದರು. ಪಟ್ಟವು ನ್ಗುಯೆನ್ ವಾನ್ ಲಿನ್ ಅವರಿಗೆ ದೊರೆಯಿತು. ಹಟವನ್ನೇ ಧೀರತನವೆಂದು ಬಗೆಯುವ ಧುರೀಣರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹಟವನ್ನು ಬಿಡಬಲ್ಲವರು ವಿರಳ.

ಠರಾವಿನಿಂದಲೇ ಅನ್ನ ಬೇಯಲಿಲ್ಲ. 1988ರ ಆರಂಭದಲ್ಲಿ ಉತ್ತರದ ಪ್ರಾಂತಗಳಲ್ಲಿ ಮತ್ತೆ ಹಸಿವು ಕಾಣಿಸಿಕೊಂಡಿತು. ಆ ಏಪ್ರಿಲಿನಲ್ಲಿ ಹೊರಟ ಹತ್ತನೆಯ ನಿರ್ಣಯವು ಒಕ್ಕಲಿಗನ ಕುಟುಂಬವನ್ನೇ ಬೇಸಾಯದ ಮೂಲಘಟಕವೆಂದು ಒಪ್ಪಿ, ದೀರ್ಘ ಅವಧಿಗೆ ಭೂಮಿಯನ್ನು ಅದರ ವಶಕ್ಕೆ ಕೊಟ್ಟಿತು. ಹೊರಗಿನಿಂದ ಅಕ್ಕಿ ತರಿಸುತ್ತಿದ್ದ ದೇಶವು ಮರುವರ್ಷವೇ ಸುಮಾರು 14 ಲಕ್ಷ ಟನ್ ಅಕ್ಕಿಯನ್ನು ಹೊರಗೆ ಮಾರಿತು. ನೆಲವೂ ಮಳೆಯೂ ಹಿಂದಿನವೇ. ಬದಲಾದುದು ಕಣದಲ್ಲಿಯ ರಾಶಿ ಯಾರದೆಂಬ ಉತ್ತರ.

ನಮ್ಮ ಸೀಮೆಯು ಈ ಪಾಠವನ್ನು ಕಲಿತದ್ದು ಇದಕ್ಕೂ ಬಹು ಹಿಂದೆ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ತರುವಾಯ, ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಒಬ್ಬೊಬ್ಬ ರೈತನೊಡನೆಯೂ ನೇರವಾಗಿ ಕಂದಾಯದ ಕರಾರು ಮಾಡುವ ರಯತವಾರಿ ಪದ್ಧತಿಯನ್ನು ನಡೆಯಿಸಿದನು. ಕಂದಾಯವು ಭಾರವಾಯಿತು, ಕಾಲುಭಾಗ ಇಳಿಸಬೇಕೆಂದು 1807ರಲ್ಲಿ ಅವನೇ ಬರೆದನು. ಮದರಾಸಿನ ದೊರೆಗಳು ಕಿವಿಗೊಡದೆ, ಊರೂರನ್ನೇ ಗುತ್ತಿಗೆಗೆ ಕೊಟ್ಟರು. ಗುತ್ತಿಗೆದಾರರೂ ಕೆಟ್ಟರು, ರೈತರೂ ಕೆಟ್ಟರು. 1820ರಲ್ಲಿ ಮನ್ರೋ ಗವರ್ನರನಾದ ಮೇಲೆಯೇ ರಯತವಾರಿಯು ತಿರುಗಿ ನೆಲೆಗೊಂಡು ಕಂದಾಯವಿಳಿಯಿತು. ಪರಕೀಯ ಅಧಿಕಾರಿಯ ಸ್ತುತಿಪಾಠವು ನಮ್ಮ ಉದ್ದೇಶವಲ್ಲ. ಹೊಲವನ್ನು ಬಲ್ಲವನ ಮಾತು ಕಾಗದದಲ್ಲಿ ಹದಿಮೂರು ವರುಷ ಕೊಳೆತರೆ ಅದರ ದಂಡವನ್ನು ರೈತನೇ ತೆರಬೇಕಾಗುತ್ತದೆಂಬುದು ನಮ್ಮ ಮಾತು. ಕಿಮ್ ನ್ಗೋಕರ ಮಾತಾದರೋ ಇಪ್ಪತ್ತು ವರುಷ ಕೊಳೆಯಿತು.

ಹಕ್ಕೊಂದೇ ಸಾಲದೆಂಬುದೂ ಅಷ್ಟೇ ದಿಟ. ರಯತವಾರಿಯಿದ್ದೂ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ, ಎಂದರೆ 1876ರಿಂದ 78ರ ವರೆಗೆ, ಬಳ್ಳಾರಿ ಜಿಲ್ಲೆಯು ಹಾಳು ಸುರಿಯಿತು. ನೀರು, ಸಾಲ, ಪೇಟೆಯ ನ್ಯಾಯವಾದ ಬೆಲೆ, ಇವು ಹಕ್ಕಿನ ಬೆನ್ನಿಗಿರಬೇಕು. ವಿಯೆಟ್ನಾಮಿನಲ್ಲಿಯೂ ಭೂಮಿಯ ಒಡೆತನವು ಇಂದಿಗೂ ಇಡೀ ಜನತೆಯ ಹೆಸರಿನಲ್ಲಿ ಸರಕಾರದ ಆಡಳಿತಕ್ಕೊಳಪಟ್ಟಿದೆ. ರೈತನಿಗೆ ಇರುವುದು ಬಳಕೆಯ ಹಕ್ಕು. ತಪ್ಪು ಮಾಡುವವರೂ ತಪ್ಪನ್ನು ತೂಗುವವರೂ ಒಂದೇ ಪಕ್ಷದವರಾದಲ್ಲಿ, ತಿದ್ದುಪಡಿಯು ಮುಂದಾಳುಗಳ ಆಯುಸ್ಸನ್ನು ಕಾಯಬೇಕಾಗುತ್ತದೆ.

ಮತದ ಹಕ್ಕುಳ್ಳ ನಾವು ಹಾಗೆ ಕಾಯಬೇಕಾದುದಿಲ್ಲ. ಆದರೆ ಕೂಡ್ಲಿಗಿಯ ಶೇಂಗಾ ಬೆಳೆಗಾರನೂ ಹಡಗಲಿಯ ಮಲ್ಲಿಗೆ ತೋಟದವನೂ ಕಂಡುಂಡ ಕಷ್ಟವು ಸಹಕಾರಿ ಸಂಘದ ವಾರ್ಷಿಕ ಸಭೆಯ ಕಾರ್ಯಕಲಾಪದಲ್ಲಿಯಾದರೂ ಯಥಾರ್ಥವಾಗಿ ದಾಖಲಾಗುತ್ತಿದೆಯೆ? ತಾಲೂಕು ಕಚೇರಿಯ ಅಧಿಕಾರಿಗಳೂ ಪೇಟೆಯ ಗೃಹಸ್ಥರೂ ಈ ಪ್ರಶ್ನೆಯನ್ನು ತಮ್ಮತಮ್ಮಲ್ಲಿ ಕೇಳಿಕೊಳ್ಳಲಿ. ಮುಂದಾಳುತನದ ಒರೆಗಲ್ಲು ಸಭಾಮಂಟಪದಲ್ಲಿಲ್ಲ, ಕಣದಲ್ಲಿದೆ.